ನೂರಕ್ಕೆ ಮೂವತ್ತು

ಆ ಬ್ಯಾಂಕಿನ ಸ್ಟ್ರಾಂಗ್‌ರೂಮಿಗೆ ಎರಡು ಬೀಗದ ಕೈಗಳಿದ್ದವು. ಒಂದು ಕ್ಯಾಷಿಯರಮ್ಮನ ಹತ್ತಿರ, ಇನ್ನೊಂದು ಅಕೌಂಟೆಂಟಮ್ಮನ ಹತ್ತಿರ. ಎರಡನ್ನೂ ಹಾಕಿ ತಿರುಗಿಸದ ಹೊರತು ಆ ಕಬ್ಬಿಣದ ಬಾಗಿಲು ಮಿಸುಕುತ್ತಿರಲಿಲ್ಲ. ಹತ್ತೊಂಬತ್ತು ವರ್ಷ, ಬೆಳಗ್ಗೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ, ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಿಂತು ಅದನ್ನು ತೆರೆದಿದ್ದರು. ಒಬ್ಬಳಿಗೆ ನೆಗಡಿಯಾದರೆ ಇನ್ನೊಬ್ಬಳಿಗೆ ಸೀನು ಬರುತ್ತದೆ ಎಂದು ಶಾಖೆಯವರು ನಗುತ್ತಿದ್ದರು.

ಕ್ಯಾಷಿಯರಮ್ಮ ಕುಳ್ಳಿ. ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ಕುರ್ಚಿಯಲ್ಲಿ ಕುಳಿತರೆ ಕೌಂಟರಿನಾಚೆ ನಿಂತವರಿಗೆ ನೆತ್ತಿಯ ಬೈತಲೆಯಷ್ಟೇ ಕಾಣುತ್ತಿತ್ತು. ಆಗ ಅಕೌಂಟೆಂಟಮ್ಮ ಎದ್ದು ಹೋಗಿ, ಕಪಾಟಿನಿಂದ ಎರಡು ದಪ್ಪ ಲೆಡ್ಜರು ತಂದು ಕುರ್ಚಿಯ ಮೇಲೆ ಹಾಕಿ, “ಬಾ ಗುಬ್ಬಿ, ಹತ್ತಿ ಕೂತ್ಕೋ” ಎಂದಿದ್ದಳು. ಅಂದಿನಿಂದ ಅವಳು ಶಾಖೆಯಲ್ಲೆಲ್ಲ ಗುಬ್ಬಿಯೇ. ಗುಬ್ಬಿಗೆ ಅಕೌಂಟೆಂಟಮ್ಮ ಅಕ್ಕ. ಬುತ್ತಿಯನ್ನು ಹಂಚಿಕೊಂಡು ತಿನ್ನುವ ಅಕ್ಕ, ಒಂದು ಪೈಸೆ ತಾಳೆಯಾಗದಿದ್ದರೆ ಸಂಜೆ ಏಳರ ತನಕ ಜೊತೆಗೆ ಕುಳಿತು ಹುಡುಕುವ ಅಕ್ಕ, ಗುಬ್ಬಿ ಮದುವೆ ಬೇಡ ಎಂದಾಗ “ಯಾಕೆ” ಎಂದು ಕೇಳದೆ ಬಿಟ್ಟ ಒಬ್ಬಳೇ ಒಬ್ಬಳು ಅಕ್ಕ.

ಅಕ್ಕನ ಗಂಡ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಐದು ವರ್ಷದ ಹಿಂದೆ ಅವರ ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಮಲಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಆ ಖರ್ಚನ್ನು ಬ್ಯಾಂಕಿನ ನೌಕರರ ವೈದ್ಯಕೀಯ ನಿಧಿ ಕೊಡುತ್ತಿತ್ತು. ಅದಿಲ್ಲದಿದ್ದರೆ ಅಕ್ಕನ ಸಂಬಳ ಎರಡು ವಾರಕ್ಕೂ ಸಾಲದು. ಮೇಷ್ಟ್ರು ಮಾತ್ರ ಅದನ್ನೂ ತಮಾಷೆ ಮಾಡುತ್ತಿದ್ದರು. “ಜನ ಕಪ್ಪು ಹಣ ಬಿಳಿ ಮಾಡೋಕೆ ಬ್ಯಾಂಕಿಗೆ ಬರ್ತಾರೆ. ನಿಮ್ಮ ಬ್ಯಾಂಕು ನನ್ನ ರಕ್ತಾನೇ ತೊಳೆಸಿ ಕೊಡುತ್ತೆ ನೋಡು ಗುಬ್ಬಿ.”

ಊರಿನ ಮುಖ್ಯ ಬೀದಿಯಲ್ಲಿ ಬ್ಯಾಂಕುಗಳಿದ್ದದ್ದು ಎರಡೇ, ಉಳಿದವು ದೂರದ ಬಡಾವಣೆಗಳಲ್ಲಿ. ಬಟ್ಟೆ ಅಂಗಡಿಯ ಪಕ್ಕದ ಹಳೆ ಕಟ್ಟಡದಲ್ಲಿ ಇವರದ್ದು, ಚಿಕ್ಕದು. ಬಸ್ ನಿಲ್ದಾಣದೆದುರು ಗಾಜಿನ ಮುಂಭಾಗದ್ದು, ದೇಶಕ್ಕೆಲ್ಲ ಕೊಂಬೆ ಚಾಚಿದ ದೊಡ್ಡ ಬ್ಯಾಂಕು. ಗುಬ್ಬಿಯ ಅಮ್ಮ ಬಟ್ಟೆ ಹೊಲಿದು ಮಗಳನ್ನು ಸಾಕಿದವಳು. ಅವಳ ಪ್ರಕಾರ, “ಆ ದೊಡ್ಡ ಬ್ಯಾಂಕಿನ ಬಾಗಿಲು ತಾನಾಗೇ ತೆರ್ಕೊಳ್ಳುತ್ತೆ, ಒಳಗಿರೋರ ಮುಖ ಮಾತ್ರ ತೆರ್ಕೊಳ್ಳಲ್ಲ.” ಗಂಡ ತೀರಿಕೊಂಡ ವರ್ಷ ಅವಳು ಎರಡೂ ಕಡೆ ಹೊಲಿಗೆ ಯಂತ್ರಕ್ಕೆ ಸಾಲ ಕೇಳಿದ್ದಳು. ದೊಡ್ಡವರು ಜಾಮೀನು ಕೇಳಿದರು. ಚಿಕ್ಕ ಬ್ಯಾಂಕಿನ ಆಗಿನ ಮ್ಯಾನೇಜರು ಅವಳು ತಂದಿದ್ದ ಒಂದು ಅಂಗಿಯ ಒಳಹೊಲಿಗೆಯನ್ನು ಮಗುಚಿ ನೋಡಿ ಸಹಿ ಹಾಕಿದ್ದರು.

ಒಂದು ದಿನ ಹೆಡ್ ಆಫೀಸಿನಿಂದ ಒಂದು ನೋಟೀಸು ಬಂತು. ಗೋಡೆಗೆ ಅಂಟಿಸಬೇಕೆಂಬ ಸೂಚನೆಯೂ ಇತ್ತು. ಅಂಟು ಹಚ್ಚಿ ಹಚ್ಚಿ ಬೆರಳು ಜಿಗುಟಾದ ಮೇಲೆ, ಒಣಗಲೆಂದು ಅಂಗೈಯಲ್ಲಿ ಒತ್ತಿ ನಿಂತಾಗ, ಗುಬ್ಬಿ ಅದನ್ನು ಓದಿದಳು. ಚಿಕ್ಕ ಬ್ಯಾಂಕು ದೊಡ್ಡ ಬ್ಯಾಂಕಿನಲ್ಲಿ ವಿಲೀನವಾಗಲಿದೆ. ಆಕ್ಷೇಪಣೆ ಇರುವ ಯಾವುದೇ ನಾಗರಿಕರು ಮೂವತ್ತು ದಿನಗಳೊಳಗೆ ಬ್ಯಾಂಕು ನಿಯಂತ್ರಣ ಪ್ರಾಧಿಕಾರಕ್ಕೆ ತಿಳಿಸಬಹುದು.

ಶಾಖೆಯಲ್ಲಿ ಯಾರಿಗೂ ಅದು ದೊಡ್ಡ ಸುದ್ದಿಯಾಗಲಿಲ್ಲ. ಮೇಲಿನವರು ಮೊದಲೇ ಎಲ್ಲರಿಗೂ ಧೈರ್ಯ ಹೇಳಿದ್ದರು. ಯಾರ ಕೆಲಸವೂ ಹೋಗುವುದಿಲ್ಲ, ಸೌಲಭ್ಯಗಳೆಲ್ಲ ಹಾಗೇ ಮುಂದುವರಿಯುತ್ತವೆ. “ದೊಡ್ಡ ಮನೆಗೆ ಸೊಸೆಯಾಗಿ ಹೋದ ಹಾಗೆ” ಎಂದು ಮ್ಯಾನೇಜರು ಖುಷಿಯಾಗಿದ್ದರು.

ಗುಬ್ಬಿಗೆ ಮಾತ್ರ ಹಿಂದಿನ ವರ್ಷ ಬಂದಿದ್ದ ಒಬ್ಬ ಚಮ್ಮಾರ ನೆನಪಾದ. ಮೂರು ನಿಲ್ದಾಣ ಆಚೆಯ ಊರಿನವನು. ಅಲ್ಲಿ ಇದ್ದಬದ್ದ ಬ್ಯಾಂಕುಗಳನ್ನೆಲ್ಲ ಈ ದೊಡ್ಡ ಬ್ಯಾಂಕೇ ನುಂಗಿಯಾಗಿತ್ತು. ಆಮೇಲೆ ಠೇವಣಿಯ ಬಡ್ಡಿ ಇಳಿಯಿತು, ಸಣ್ಣ ಅಂಗಡಿಗಳಿಗೆ ಸಾಲ ನಿಂತಿತು. ಇಪ್ಪತ್ತು ವರ್ಷ ತಪ್ಪದೆ ಕಂತು ಕಟ್ಟಿದವನು ಆತ. “ಕಂಪ್ಯೂಟರ್ ಒಪ್ಪಲಿಲ್ಲ ಅಂದ್ರು ತಾಯಿ. ನಾನು ಕಂಪ್ಯೂಟರ್ ಕಾಲಿಗೆ ಬೀಳಕ್ಕಾಗುತ್ತಾ? ಅದಕ್ಕೆ ಕಾಲೇ ಇಲ್ಲ” ಎಂದು ನಕ್ಕಿದ್ದ. ನಗುವಾಗ ಕಣ್ಣು ಒರೆಸಿಕೊಂಡಿದ್ದ.

ಗುಬ್ಬಿ ಎರಡು ಶನಿವಾರ ಊರಿನ ಗ್ರಂಥಾಲಯದಲ್ಲಿ ಕುಳಿತಳು. ಬ್ಯಾಂಕು ಕಾನೂನಿನ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು. ವಿಲೀನದ ನಂತರ ಯಾವ ಬ್ಯಾಂಕಿನ ಕೈಯಲ್ಲೂ ಒಂದು ಪ್ರದೇಶದ ಒಟ್ಟು ಠೇವಣಿಯ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಪಾಲು ಸೇರತಕ್ಕದ್ದಲ್ಲ. ಊರವರ ದುಡ್ಡೆಲ್ಲ ಒಬ್ಬನ ಮುಷ್ಟಿಗೆ ಹೋದರೆ ಅವನು ಹೇಳಿದ್ದೇ ಬಡ್ಡಿ, ಕೊಟ್ಟದ್ದೇ ಸಾಲ. ಹಾಗಾಗಬಾರದೆಂದು ಯಾರೋ ಪುಣ್ಯಾತ್ಮರು ಬರೆದಿಟ್ಟ ಸಾಲು. ವರ್ಷವರ್ಷ ಪ್ರಾಧಿಕಾರ ಅಚ್ಚು ಹಾಕಿಸುವ ಠೇವಣಿ ಪಟ್ಟಿಯೂ ಅಲ್ಲೇ ಇತ್ತು. ಊರಿನಲ್ಲಿ ದೊಡ್ಡ ಬ್ಯಾಂಕಿನ ಪಾಲು ನೂರಕ್ಕೆ ಇಪ್ಪತ್ತೊಂದು, ಇವರದ್ದು ಹದಿನೇಳು. ಕೂಡಿದರೆ ಮೂವತ್ತೆಂಟು.

ಹಾಗಾದರೆ ದೊಡ್ಡ ಬ್ಯಾಂಕು ವಿಲೀನಕ್ಕೆ ಅರ್ಜಿ ಹಾಕಿದ್ದಾದರೂ ಹೇಗೆ? ಅದರ ಪ್ರತಿ ತರಿಸಿ ನೋಡಿದಳು. ಅವರು ಒಂದೂವರೆ ಗಂಟೆ ದೂರದ ಮಹಾನಗರವನ್ನೂ ಈ ಊರಿನ ಜೊತೆ ಸೇರಿಸಿ ಒಂದೇ ಪ್ರದೇಶವೆಂದು ತೋರಿಸಿದ್ದರು. ನಗರದ ತುಂಬ ಬೇರೆ ಬೇರೆ ಬ್ಯಾಂಕುಗಳು. ಆ ಸಮುದ್ರದಲ್ಲಿ ಬೆರೆಸಿದರೆ ಮೂವತ್ತೆಂಟು ಹೋಗಿ ಹತ್ತೊಂಬತ್ತಾಗುತ್ತಿತ್ತು.

“ಮೂಗು ಹಿಡಿಯೋಕೆ ತಲೆ ಸುತ್ತ ಕೈ ತಂದಿದಾರೆ” ಎಂದು ಅವಳು ಮಾರನೆಯ ದಿನ ಊಟದ ಹೊತ್ತಿನಲ್ಲಿ ಅಕ್ಕನಿಗೆ ಹೇಳಿದಳು. “ನಮ್ಮ ಕೌಂಟರಿಗೆ ಬರೋರಲ್ಲಿ ನೂರಕ್ಕೆ ತೊಂಬತ್ತು ಜನ ನಡ್ಕೊಂಡು ಬರ್ತಾರೆ ಅಕ್ಕಾ. ಅವ್ರು ಪಾಸ್‌ಬುಕ್ ಹಿಡ್ಕೊಂಡು ನಗರಕ್ಕೆ ಹೋಗ್ತಾರಾ? ನಾನು ಪ್ರಾಧಿಕಾರದ ವಿಚಾರಣೆಗೆ ಹೋಗಿ ಹೇಳ್ತೀನಿ.”

ಅಕ್ಕ ತಿನ್ನುವುದನ್ನು ನಿಲ್ಲಿಸಿದಳು. “ಹೋಗ್ಬೇಡ.”

“ಯಾಕಕ್ಕಾ? ವಿಲೀನ ನಿಂತ್ರೆ ನಾವು ಈಗ ಇದ್ದ ಹಾಗೇ ಇರ್ತೀವಿ. ಭಾವನ ಔಷಧಿ ಖರ್ಚೂ ಹಾಗೇ ಇರುತ್ತೆ. ಯಾರಿಗೂ ನಷ್ಟ ಇಲ್ಲ.”

“ಅವ್ರು ಸೌಲಭ್ಯ ಕೊಡ್ತೀವಿ ಅಂತ ಬರ್ದು ಕೊಟ್ಟಿದಾರೆ ಗುಬ್ಬಿ. ಕಾಗದದಲ್ಲಿದೆ. ನೀನು ಹೇಳೋದು ಬರೀ ಮಾತು.”

“ಕಾನೂನು ಅಕ್ಕಾ ಅದು.”

“ನಿನ್ ಮಾತು ಸರೀನೇ. ನೀನು ಯಾವತ್ತು ತಪ್ಪು ಹೇಳಿದೀಯ?” ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು. “ಆದ್ರೆ ಆನೆ ನಡೆಯೋ ದಾರೀಲಿ ನಿಂತು ನಿಯಮ ಹೇಳಕ್ಕಾಗಲ್ಲ. ಅದು ಬಗ್ಗಿ ನೋಡಲ್ಲ. ನಂಗೆ ವಾರಕ್ಕೆ ಮೂರು ದಿನ ಬೇಕು, ಅಷ್ಟೇ. ಅದರ ಮೇಲೆ ಏನೂ ಬೇಡ ನಂಗೆ.”

ಆ ಸಂಜೆ ಗುಬ್ಬಿ ಮೇಷ್ಟ್ರನ್ನು ನೋಡಲು ಹೋದಳು. ಅವರು ಆಸ್ಪತ್ರೆಯಿಂದ ಬಂದು ಹಾಸಿಗೆಯಲ್ಲಿ ಒರಗಿದ್ದರು. ಅಕ್ಕ ಅಡುಗೆಮನೆಯಿಂದ ಈಚೆಗೆ ಬರಲಿಲ್ಲ. ಮೇಷ್ಟ್ರು ಎಲ್ಲವನ್ನೂ ಕೇಳಿ, “ಹೋಗಿ ಹೇಳಿ ಬಾ. ಬೆಕ್ಕಿಗೆ ಗಂಟೆ ಕಟ್ಟೋಕೆ ಕೊನೆಗೂ ಒಂದು ಗುಬ್ಬಿ ಹೊರಟಿತು ಅಂತ ನಾನೊಂದು ಚಿತ್ರ ಬರೀತೀನಿ” ಎಂದರು. ಅಡುಗೆಮನೆಯಲ್ಲಿ ಒಂದು ಪಾತ್ರೆ ಸ್ವಲ್ಪ ಜೋರಾಗಿಯೇ ಕೆಳಗಿಟ್ಟ ಸದ್ದಾಯಿತು.

ಗುಬ್ಬಿ ಹೋದಳು. ಮುಂದೆ ಎಷ್ಟೋ ಸಲ ಆ ದಿನವನ್ನು ತಿರುವಿ ಹಾಕಿದಾಗಲೂ, ಹೋಗದೆ ಇರಬಹುದಾಗಿತ್ತು ಎಂದು ಅವಳಿಗೆ ಅನ್ನಿಸಿದ್ದುಂಟು. ಹೋದದ್ದು ತಪ್ಪು ಎಂದು ಮಾತ್ರ ಅನ್ನಿಸಿದ್ದಿಲ್ಲ. ಅವಳ ಸಂಕಟ ಇರುವುದೇ ಅಲ್ಲಿ.

ವಿಚಾರಣೆ ನಡೆದದ್ದು ಪ್ರಾಧಿಕಾರದ ಕಚೇರಿಯ ಮೂರನೇ ಮಹಡಿಯಲ್ಲಿ. ಇನ್ನೂರು ಕುರ್ಚಿ, ಹನ್ನೊಂದು ಜನ. ಅಮ್ಮ ಹೊಲಿದು ಕೊಟ್ಟ ಹೊಸ ರವಿಕೆ ತೋಳಿನ ಹತ್ತಿರ ಬಿಗಿಯುತ್ತಿತ್ತು. ಮೈಕು ಅವಳ ಹಣೆಯ ಮಟ್ಟದಲ್ಲಿತ್ತು. ಒಬ್ಬ ಗುಮಾಸ್ತ ಬಂದು ತಗ್ಗಿಸಿ ಕೊಟ್ಟ. ಗುಬ್ಬಿ ಬರೆದು ತಂದ ಕಾಗದ ಹಿಡಿದು ಶುರು ಮಾಡಿದವಳು, ಎರಡನೇ ನಿಮಿಷಕ್ಕೆ ಕಾಗದ ಕೆಳಗಿಟ್ಟಳು. ಕೋಲೂರಿಕೊಂಡು ಬರುವ ಪಿಂಚಣಿದಾರರ ಬಗ್ಗೆ, ಮಧ್ಯಾಹ್ನ ಅಂಗಡಿಗೆ ಅರ್ಧ ಬಾಗಿಲು ಹಾಕಿ ಓಡಿ ಬರುವ ಹೂವಿನವಳ ಬಗ್ಗೆ, ಹೆಬ್ಬೆಟ್ಟು ಒತ್ತುವವರ ಬಗ್ಗೆ ಹೇಳಿದಳು. “ಪ್ರದೇಶ ಅಂದ್ರೆ ನಕಾಶೆ ಅಲ್ಲ ಸಾರ್. ಜನ ನಡೆಯೋ ದೂರ.”

ಪ್ರಾಧಿಕಾರದ ಅಧಿಕಾರಿ ಅದನ್ನು ಬರೆದುಕೊಂಡರು. ದೊಡ್ಡ ಬ್ಯಾಂಕಿನ ವಕೀಲರು ಎದ್ದಾಗ ಗುಬ್ಬಿ ಕಚ್ಚಾಟಕ್ಕೆ ಸಿದ್ಧಳಾಗಿದ್ದಳು. ಅವರು ಕಚ್ಚಲಿಲ್ಲ. “ಅಮ್ಮನವರ ಲೆಕ್ಕ ಕೂದಲೆಳೆಯಷ್ಟೂ ತಪ್ಪಿಲ್ಲ. ಅವರು ಹೇಳೋ ಅಳತೇನೇ ನಾವು ಒಪ್ತೀವಿ. ಕಾನೂನಿನ ಮಿತಿಯೊಳಗೇ ಇರ್ತೀವಿ” ಎಂದು ನಗುಮುಖದಿಂದ ಕುಳಿತುಬಿಟ್ಟರು. ಬಸ್ಸಿನಲ್ಲಿ ವಾಪಸ್ ಬರುವಾಗ ಗುಬ್ಬಿಗೆ ಗೆದ್ದ ಖುಷಿಯ ಜೊತೆಗೆ ಆ ನಗು ಹಲ್ಲಿನ ಸಂದಿಯ ನಾರಿನ ಹಾಗೆ ಕಾಡುತ್ತಿತ್ತು.

ಎರಡು ತಿಂಗಳ ಮೇಲೆ ಆದೇಶ ಬಂತು. ಮ್ಯಾನೇಜರು ಎಲ್ಲರನ್ನೂ ಕರೆದು ನಿಲ್ಲಿಸಿಕೊಂಡರು. ಕನ್ನಡಕ ಮರೆತಿದ್ದರಿಂದ ಕಾಗದವನ್ನು ಅಕೌಂಟೆಂಟಮ್ಮನ ಕೈಗೆ ಕೊಟ್ಟರು. ಅಕ್ಕ ಗಟ್ಟಿಯಾಗಿ ಓದಿದಳು. ನಾಗರಿಕರೊಬ್ಬರ ಆಕ್ಷೇಪಣೆಯನ್ನು ಎತ್ತಿಹಿಡಿಯಲಾಗಿದೆ. ಈ ಊರನ್ನು ಪ್ರತ್ಯೇಕ ಪ್ರದೇಶವೆಂದು ಪರಿಗಣಿಸಲಾಗಿದೆ. ನೂರಕ್ಕೆ ಮೂವತ್ತರ ಮಿತಿಯನ್ನು ಮೀರುವಂತಿಲ್ಲ. ಅಲ್ಲಿಯವರೆಗೆ ಓದಿ ಅಕ್ಕ ತಲೆಯೆತ್ತಿ ಗುಬ್ಬಿಯನ್ನು ನೋಡಿದಳು. ಅಕ್ಕನ ಮುಖದಲ್ಲಿ ಸಣ್ಣಗೆ ನಗು ಮೂಡುತ್ತಿತ್ತು. ಆಮೇಲೆ ಮುಂದಿನ ಪುಟ ತಿರುಗಿಸಿದಳು.

ಷರತ್ತು ನಾಲ್ಕು. ಮಿತಿಯೊಳಗೆ ಬರಲು ಅನುಕೂಲವಾಗುವಂತೆ, ಚಿಕ್ಕ ಬ್ಯಾಂಕಿನ ಮುಖ್ಯ ಬೀದಿಯ ಶಾಖೆಯನ್ನು ಠೇವಣಿಗಳ ಸಮೇತ ಮೂರನೆಯ ಬ್ಯಾಂಕೊಂದಕ್ಕೆ ಮಾರತಕ್ಕದ್ದು. ಉಳಿದ ಶಾಖೆಗಳ ವಿಲೀನಕ್ಕೆ ಒಪ್ಪಿಗೆ ನೀಡಲಾಗಿದೆ. ಮಾರಾಟವಾದ ಶಾಖೆಯ ಸಿಬ್ಬಂದಿಯ ಸೇವಾ ಸೌಲಭ್ಯಗಳು ಕೊಳ್ಳುವ ಬ್ಯಾಂಕಿನ ವಿವೇಚನೆಗೆ ಸೇರಿದ್ದು.

ಓದಿ ಮುಗಿದ ಮೇಲೂ ಅಕ್ಕ ಆ ಹಾಳೆಯನ್ನೇ ನೋಡುತ್ತಿದ್ದಳು. ಪಾಸ್‌ಬುಕ್ ಮುದ್ರಿಸುವ ಯಂತ್ರ ಯಾರದೋ ಪುಸ್ತಕವನ್ನು ಕರಕರ ಅಚ್ಚು ಹಾಕುತ್ತಿತ್ತು. ಹಿರಿಯ ಗುಮಾಸ್ತ ಗೋಡೆಗೆ ಹೇಳಿದ ಹಾಗೆ ಹೇಳಿದ: “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ.”

ಮೂರನೆಯ ಬ್ಯಾಂಕಿಗೆ ಬೇಕಾಗಿದ್ದದ್ದು ಠೇವಣಿಗಳೇ ಹೊರತು ಶಾಖೆಯಲ್ಲ. ಅದು ಫೋನಿನಲ್ಲೇ ನಡೆಯುವ ಬ್ಯಾಂಕು. ಹಸ್ತಾಂತರದ ದಿನವೇ ಹಳೆಯ ವೈದ್ಯಕೀಯ ನಿಧಿ ನಿಂತಿತು. ಅವರ ಹೊಸ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ನಾಲ್ಕು ವರ್ಷ ಏನೂ ಸಿಗುವಂತಿರಲಿಲ್ಲ. ಎಂಟು ತಿಂಗಳು ನಡೆಸಿದ ಶಾಸ್ತ್ರ ಮಾಡಿ, ಗಿರಾಕಿಗಳಿಗೆಲ್ಲ ಒಂದೊಂದು ಪತ್ರ ಹಾಕಿ, ಅವರು ಶಾಖೆಯನ್ನು ಮುಚ್ಚಿದರು. ಸಿಬ್ಬಂದಿಗೆ ಆರು ತಿಂಗಳ ಸಂಬಳ ಕೊಟ್ಟು ಕೈತೊಳೆದುಕೊಂಡರು.

ಆ ಎಂಟು ತಿಂಗಳೂ ಇಬ್ಬರೂ ಬೆಳಗ್ಗೆ ಹೆಗಲಿಗೆ ಹೆಗಲು ತಾಗಿಸಿ ನಿಂತೇ ಬಾಗಿಲು ತೆರೆದರು. ಅಕ್ಕ ಬೈಯಲಿಲ್ಲ, ಹಂಗಿಸಲಿಲ್ಲ. ಕೆಲಸಕ್ಕೆ ಬೇಕಾದಷ್ಟು ಮಾತು ಬಿಟ್ಟು ಉಳಿದ ಮಾತನ್ನು ನಿಲ್ಲಿಸಿದಳು, ಅಷ್ಟೇ. ಬುತ್ತಿಯನ್ನು ತನ್ನ ಮೇಜಿನಲ್ಲೇ ಕುಳಿತು ತಿಂದಳು. ಒಂದು ಸಲ ಗುಬ್ಬಿಯೇ ತಡೆಯಲಾರದೆ ಹತ್ತಿರ ಹೋಗಿ, “ಬೈದುಬಿಡಕ್ಕಾ ಒಂದು ಸಲ. ಎರಡು ಕೊಟ್ಬಿಡು ಬೇಕಾದ್ರೆ” ಎಂದಳು. ಅಕ್ಕ ಬರೆಯುತ್ತಿದ್ದ ಸಾಲನ್ನು ಮುಗಿಸಿ ಹೇಳಿದಳು: “ಬೈಯೋಕೆ ನೀನು ತಪ್ಪು ಮಾಡಿರ್ಬೇಕಲ್ಲ.”

ತನಗೆ ಬಂದ ಆರು ತಿಂಗಳ ಸಂಬಳವನ್ನು ಗುಬ್ಬಿ ಒಂದು ಲಕೋಟೆಯಲ್ಲಿ ಹಾಕಿ ಅಕ್ಕನ ಮನೆಯ ಬಾಗಿಲ ಸಂದಿಯಲ್ಲಿ ತೂರಿಸಿ ಬಂದಳು. ಮೂರನೇ ದಿನ ಅದು ಅಂಚೆಯಲ್ಲಿ ವಾಪಸ್ ಬಂತು. ಜೊತೆಗೆ ಒಂದು ಚೀಟಿಯಾದರೂ ಇದೆಯೇನೋ ಎಂದು ಲಕೋಟೆಯನ್ನು ಕೊಡವಿ ನೋಡಿದಳು. ಇರಲಿಲ್ಲ.

ಮೇಷ್ಟ್ರು ಸರ್ಕಾರಿ ಆಸ್ಪತ್ರೆಗೆ ಹೋಗತೊಡಗಿದರು. ಅಲ್ಲಿ ಯಂತ್ರಗಳು ನಾಲ್ಕು, ರೋಗಿಗಳು ನೂರಾರು. ವಾರಕ್ಕೆ ಎರಡು ಸಲ ಸಿಕ್ಕಿದರೆ ಪುಣ್ಯ, ಒಮ್ಮೊಮ್ಮೆ ಒಂದೇ. ಗುಬ್ಬಿ ಅಷ್ಟರಲ್ಲಿ ಪಾತ್ರೆ ಅಂಗಡಿಯೊಂದರಲ್ಲಿ ಕೆಲಸ ಹಿಡಿದಿದ್ದಳು. ಒಂದು ಮಂಗಳವಾರ ಮಧ್ಯಾಹ್ನ, ಅಕ್ಕ ಟ್ಯೂಷನ್ ಹೇಳಿಕೊಡಲು ಹೋಗುವ ಹೊತ್ತು ನೋಡಿಕೊಂಡು, ಆಸ್ಪತ್ರೆಗೆ ಹೋದಳು. ಮೇಷ್ಟ್ರು ಹಸಿರು ಬಣ್ಣದ ಬೆಂಚಿನ ಮೇಲೆ ಸರದಿಗಾಗಿ ಕುಳಿತಿದ್ದರು. ಪಾದಗಳು ಊದಿ ಚಪ್ಪಲಿಯೊಳಗೆ ಹಿಡಿಸದೆ ಹೊರಗಿದ್ದವು.

“ಬಾ ಬಾ. ಇಲ್ಲಿ ಟೋಕನ್ ನಂಬರ್ ಕೂಗೋರು ನಿನ್ನಷ್ಟು ಚುರುಕಿಲ್ಲ” ಎಂದರು.

ಗುಬ್ಬಿ ಪಕ್ಕದಲ್ಲಿ ಕುಳಿತಳು. “ಭಾವ, ನಾನು ಹೋಗ್ಬಾರದಿತ್ತಾ?” ಎಂದಳು.

“ನಾನೇ ಕಳಿಸಿದ್ದಲ್ವಾ? ನೀನು ಚಾಪೆ ಕೆಳಗೆ ತೂರಿದ್ರೆ ಅವ್ರು ರಂಗೋಲಿ ಕೆಳಗೆ ತೂರಿದ್ರು. ನಿಂಗೆ ಹೇಗೆ ಗೊತ್ತಾಗ್ಬೇಕು?” ಮೇಷ್ಟ್ರು ಉಸಿರು ತೆಗೆದುಕೊಳ್ಳಲು ನಿಂತರು. “ಅವಳಿಗೆ ಕೋಪ ಇರೋದು ನಿನ್ ಮೇಲಲ್ಲಮ್ಮ. ಯಾರ ಮೇಲೆ ಅಂತ ಅವಳಿಗೂ ಗೊತ್ತಿಲ್ಲ. ಅಷ್ಟು ದೂರ ಕೋಪ ಎಸೆಯೋಕೆ ಯಾರಿಗಾದ್ರೂ ಕೈ ಸಾಲುತ್ತಾ? ನೀನು ಹತ್ರದಲ್ಲಿದ್ದೆ.”

ಟೋಕನ್ ಕೂಗಿದರು. ಅದು ಅವರದಾಗಿರಲಿಲ್ಲ.

ಅದಾಗಿ ಏಳು ವಾರಕ್ಕೆ ಮೇಷ್ಟ್ರು ತೀರಿಕೊಂಡರು. ಸುದ್ದಿ ತಂದವಳು ಹೂವಿನವಳು. ಗುಬ್ಬಿ ಅಂಗಡಿಯ ಏಪ್ರನ್ನಿನಲ್ಲೇ ಓಡಿದಳು. ಬಾಗಿಲಲ್ಲಿ ಅಕ್ಕನೇ ನಿಂತಿದ್ದಳು. ಕಣ್ಣು ಒಣಗಿತ್ತು. ಗುಬ್ಬಿ ಕೈ ಚಾಚಿ, “ಅಕ್ಕಾ” ಎಂದಳು. ತಳ್ಳಿದ್ದರೂ ಆಗುತ್ತಿತ್ತು, ಕೂಗಾಡಿದ್ದರೂ ಆಗುತ್ತಿತ್ತು.

ಅಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. “ಬನ್ನಿ. ಒಳಗಡೆ ಬನ್ನಿ. ಕೂತ್ಕೊಳ್ಳಿ.”

ಹತ್ತೊಂಬತ್ತು ವರ್ಷ ಹೋಗು, ಬಾ, ತಿನ್ನು, ಸಾಯಿ ಎಂದು ಕರೆದ ಬಾಯಿಂದ ಬಂದ ಆ ಬಹುವಚನ ಗುಬ್ಬಿಯ ಎದೆಗೆ ಚೂರಿಯಂತೆ ಇಳಿಯಿತು. ಬೇರೆಯವರ ಜೊತೆ ಬೇರೆಯವಳ ಹಾಗೆ ಅವಳು ಗೋಡೆಯ ಬದಿಯ ಕುರ್ಚಿಯಲ್ಲಿ ಕುಳಿತಳು. ಯಾರೋ ಎಲ್ಲರಿಗೂ ನೀರು ಕೊಡುತ್ತಾ ಬಂದು ಅವಳಿಗೂ ಒಂದು ಲೋಟ ಕೊಟ್ಟರು. ಕುಡಿದು ಎದ್ದು ಬಂದಳು.

ಮನೆಗೆ ಬಂದವಳು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತಳು. ಅಮ್ಮ ಹೊರಗೆ ನಿಂತು, “ನೀರು ಖಾಲಿಯಾಗುತ್ತೆ ಕಣೇ, ನಲ್ಲಿ ನಿಲ್ಸು. ಅಳೋದಾದ್ರೆ ಹೊರಗೆ ಬಂದು ಅಳು, ನಾನೂ ಅಳ್ಬೇಕು” ಎಂದಳು.

ಮೂರು ವರ್ಷ ಕಳೆದವು. ಹಳೆಯ ಶಾಖೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಫೋನಿನಲ್ಲೇ ನಡೆಯುವ ಬ್ಯಾಂಕು ಪಿಂಚಣಿದಾರರಿಗೆ ಒಗ್ಗಲಿಲ್ಲ, ಹೂವಿನವಳಿಗೂ ಒಗ್ಗಲಿಲ್ಲ. ಬೀದಿಯಲ್ಲಿ ಉಳಿದದ್ದು ಒಂದೇ ಬ್ಯಾಂಕು. ಒಬ್ಬೊಬ್ಬರಾಗಿ ತಮ್ಮ ದುಡ್ಡು ತೆಗೆದುಕೊಂಡು ಆ ಗಾಜಿನ ಬಾಗಿಲಿನೊಳಗೆ ಹೋದರು.

ಒಂದು ಶನಿವಾರ ಗುಬ್ಬಿ ಗ್ರಂಥಾಲಯಕ್ಕೆ ಹೋಗಿ ಹೊಸ ಠೇವಣಿ ಪಟ್ಟಿ ತೆಗೆಸಿ ನೋಡಿದಳು. ಊರಿನಲ್ಲಿ ದೊಡ್ಡ ಬ್ಯಾಂಕಿನ ಪಾಲು ನೂರಕ್ಕೆ ಮೂವತ್ತೊಂಬತ್ತು. ಅಂದು ತಡೆದ ಮೂವತ್ತೆಂಟಕ್ಕಿಂತ ಒಂದು ಹೆಚ್ಚೇ. ಅವಳು ಪ್ರಾಧಿಕಾರಕ್ಕೆ ಪತ್ರ ಬರೆದಳು. ಐದು ವಾರದ ಮೇಲೆ ಉತ್ತರ ಬಂತು, ಮರ್ಯಾದೆಯ ಉತ್ತರವೇ. ಮಿತಿ ಅನ್ವಯಿಸುವುದು ವಿಲೀನಗಳಿಗೆ ಮಾತ್ರ. ಗಿರಾಕಿಗಳು ತಾವಾಗಿಯೇ ಬಂದದ್ದರಿಂದ ಬೆಳೆದ ಠೇವಣಿಗೆ ಕಾನೂನಿನಲ್ಲಿ ಮಿತಿಯಿಲ್ಲ. ತಮ್ಮ ಕಾಳಜಿಗೆ ವಂದನೆಗಳು.

ಓದಿ ಮುಗಿಸಿದಾಗ ಗುಬ್ಬಿಗೆ ಕೋಪ ಬರಲಿಲ್ಲ. ಇದನ್ನು ಅಕ್ಕನಿಗೆ ತೋರಿಸಬೇಕು ಎಂದಷ್ಟೇ ಅನ್ನಿಸಿತು. ಇದರಲ್ಲಿನ ಅನ್ಯಾಯ ಒಂದೇ ನೋಟಕ್ಕೆ ಅರ್ಥವಾಗುವುದು, ಓದಿ ಬಿದ್ದುಬಿದ್ದು ನಗುವುದು ಅಥವಾ ಕಾಗದ ಹರಿದೆಸೆಯುವುದು, ಊರಿನಲ್ಲಿ ಅವಳೊಬ್ಬಳಿಗೇ. ಬೈದರೂ ಬೈಯಲಿ, ಹೋಗಲಿ ಎಂದರೂ ಎನ್ನಲಿ. ಭಾನುವಾರ ಬೆಳಗ್ಗೆ ಪತ್ರವನ್ನು ಕೈಚೀಲದಲ್ಲಿಟ್ಟುಕೊಂಡು ಹೊರಟಳು.

ಅಕ್ಕನ ಮನೆಯ ಕಿಟಕಿಗಳಿಗೆ ಪರದೆ ಇರಲಿಲ್ಲ. ಅಂಗಳದಲ್ಲಿ ಸುಣ್ಣದ ಡಬ್ಬಿಗಳು. ಏಣಿ ಹತ್ತಿ ಗೋಡೆ ಕೆರೆಯುತ್ತಿದ್ದ ಮನೆಯ ಯಜಮಾನರು ಕೆಳಗಿಳಿದು ಬಂದರು. “ಆ ಟೀಚರಮ್ಮ ಖಾಲಿ ಮಾಡಿ ತಿಂಗಳಾಯ್ತಲ್ಲ. ತಂಗಿ ಊರಿಗೆ ಹೋದ್ರು.”

“ವಿಳಾಸ ಏನಾದ್ರೂ…”

“ಇದೆ, ಬರ್ದು ಕೊಟ್ಟಿದಾರೆ, ಕಾಗದ ಬಂದ್ರೆ ಕಳಿಸಿ ಅಂತ.” ಯಜಮಾನರು ಕೈಯ ಸುಣ್ಣ ಒರೆಸಿಕೊಂಡು ಜೇಬಿಗೆ ಕೈ ಹಾಕಿದವರು ನಿಂತರು. “ಆದ್ರೆ ಬ್ಯಾಂಕಿನವ್ರು ಯಾರಾದ್ರೂ ಕೇಳಿದ್ರೆ ಕೊಡ್ಬೇಡಿ ಅಂದಿದಾರಮ್ಮ. ನೀವು ಬ್ಯಾಂಕಿನವ್ರಲ್ಲ ತಾನೆ?”

ಅಲ್ಲ ಎಂದಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಪಾತ್ರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾ ನಾಲ್ಕನೇ ವರ್ಷ ನಡೆಯುತ್ತಿತ್ತು. ಯಜಮಾನರ ಬೆರಳುಗಳ ನಡುವೆ ಮಡಿಸಿದ ಚೀಟಿಯ ಅಂಚು ಕಾಣುತ್ತಿತ್ತು. ಅಕ್ಕನ ದುಂಡು ಅಕ್ಷರದ ಬಾಲವೊಂದು ಮಡಿಕೆಯ ಹೊರಗಿತ್ತು.

“ಹೌದು. ಬ್ಯಾಂಕಿನವಳೇ” ಎಂದಳು ಗುಬ್ಬಿ.

ಯಜಮಾನರು ಪೇಚಾಡಿಕೊಂಡು ಚೀಟಿಯನ್ನು ಜೇಬಿಗೆ ವಾಪಸ್ ಹಾಕಿದರು. ಪರವಾಗಿಲ್ಲ ಎಂದು ಅವಳೇ ಅವರಿಗೆ ಸಮಾಧಾನ ಹೇಳಿ, ಗೇಟು ಎಳೆದುಕೊಂಡು, ಬಂದ ದಾರಿಯಲ್ಲೇ ನಡೆದಳು.